ಟೋಪಿ ಕಥೆ, ಭಾಗ 4: ಎರಡು ಮುಖದ ಮಾತ್ರೆ

ಮೊದಲು ಫೋಟೋ ನೋಡಿ. ಹೌದು, ಟೋಪಿ ಇಲ್ಲ. ಫಿಲ್ಟರ್ ಕೂಡ ಇಲ್ಲ. ಎಡಗಡೆ ಹುಬ್ಬು ಇನ್ನೂ ಅರ್ಧ, ಗೊತ್ತು.

ಹಿಂದಿನ ಮೂರು ಭಾಗ ಓದದವರಿಗೆ ಚಿಕ್ಕದಾಗಿ ಹೇಳ್ತೀನಿ. ಸೆಕೆಂಡ್ ಪಿಯುಸಿ ಪರೀಕ್ಷೆ ಹೊತ್ತಿಗೆ ಕಿವಿ ಹಿಂದೆ ಹತ್ತು ರೂಪಾಯಿ ನಾಣ್ಯದಷ್ಟು ಜಾಗ ಬೋಳಾಯ್ತು. "ಹುಳ ತಿಂದಿದೆ" ಅಂದ್ರು ಅಜ್ಜಿ. ಈರುಳ್ಳಿ ರಸ ಹಚ್ಚಿದ್ದೂ ಆಯ್ತು. ಡಿಗ್ರಿ ಸೇರುವಾಗ ಮುಕ್ಕಾಲು ತಲೆ ಖಾಲಿ. ಕಾಯಿಲೆ ಹೆಸರು ಅಲೊಪೇಶಿಯಾ ಏರಿಯಾಟ. ತಿಂದಿದ್ದು ಹುಳ ಅಲ್ಲ, ನನ್ನ ದೇಹದ ಕಾವಲುಗಾರರೇ. ಸೋಂಕಿನ ಜೊತೆ ಹೋರಾಡಬೇಕಾದ ಟಿ ಕೋಶಗಳು ಕೂದಲಿನ ಬುಡವನ್ನೇ ಶತ್ರು ಅಂದುಕೊಂಡು ಮುತ್ತಿಗೆ ಹಾಕ್ತವೆ. ಒಂದೇ ಸಮಾಧಾನ ಅಂದ್ರೆ, ಬುಡ ಸಾಯಲ್ಲ, ಮಲಗಿರುತ್ತೆ.

ಅದನ್ನ ಎಬ್ಬಿಸೋಕೆ ನನಗೆ ಕೊಟ್ಟಿದ್ದು ಟೋಫಾಸಿಟಿನಿಬ್, 5 ಮಿಲಿಗ್ರಾಂ, ದಿನಕ್ಕೆ ಎರಡು. ಇದು ಜ್ಯಾಕ್ ಇನ್‌ಹಿಬಿಟರ್ ಗುಂಪಿನ ಮಾತ್ರೆ. ಕಾಲಿಂಗ್ ಬೆಲ್ ನೆನಪಿಸಿಕೊಳ್ಳಿ. ಗುಂಡಿ ಬಾಗಿಲ ಹೊರಗೆ, ಸದ್ದು ಒಳಗೆ, ನಡುವೆ ತಂತಿ. ಉರಿಯೂತ ಎಬ್ಬಿಸೋ ಸೈಟೊಕೈನ್‌ಗಳು ಕೋಶದ ಹೊರಗಿನ ಗುಂಡಿ ಒತ್ತುತ್ತವೆ. ಒಳಗೆ ಸುದ್ದಿ ಸಾಗಿಸೋ ತಂತಿ ಜ್ಯಾಕ್. ಮಾತ್ರೆ ಆ ತಂತಿಯನ್ನ ಸಡಿಲ ಮಾಡುತ್ತೆ ಅಷ್ಟೇ, ಗುಂಡಿ ಒತ್ತುವವರನ್ನ ಓಡಿಸಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹೆಸರಿನ ಕಥೆ ನಂಗೆ ತುಂಬಾ ಇಷ್ಟ. ಕೈನೇಸ್‌ಗಳು ನಮ್ಮ ಮೈಯಲ್ಲಿ 500ಕ್ಕೂ ಹೆಚ್ಚಿವೆ. ಆಸ್ಟ್ರೇಲಿಯಾದ ಆಂಡ್ರ್ಯೂ ವಿಲ್ಕ್ಸ್‌ಗೆ ಇವು ಸಿಕ್ಕಾಗ 'ಜಸ್ಟ್ ಅನದರ್ ಕೈನೇಸ್', ಅಂದ್ರೆ ಇದೂ ಒಂದು ಕೈನೇಸ್ ಅಂತ ತಮಾಷೆಗೆ ಜ್ಯಾಕ್ ಅಂದ್ರಂತೆ. ಆಮೇಲೆ ಅದರಲ್ಲಿ ಒಂದೇ ಥರ ಕಾಣೋ ಎರಡು ಭಾಗ ಇರೋದರಿಂದ, ರೋಮನ್ನರ ಎರಡು ಮುಖದ ದೇವರು ಜೇನಸ್ ಹೆಸರು ಅಂಟಿಕೊಳ್ತು. ಒಂದು ಭಾಗ ಕೆಲಸ ಮಾಡುತ್ತೆ, ಇನ್ನೊಂದು ಅದನ್ನ ಹದ್ದುಬಸ್ತಿನಲ್ಲಿಡುತ್ತೆ.

ಟೋಫಾಸಿಟಿನಿಬ್‌ಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಕೀಲುಗಳ ರುಮಟಾಯ್ಡ್ ಸಂಧಿವಾತಕ್ಕೆ. ಕೂದಲಿಗೆ ಅಲ್ಲ. 2014ರಲ್ಲಿ ಯೇಲ್‌ನ ವೈದ್ಯರು, ಸೋರಿಯಾಸಿಸ್ ಜೊತೆಗೆ ಮೈಮೇಲೆ ಕೂದಲೇ ಇಲ್ಲದಂತಾಗಿದ್ದ 25ರ ಯುವಕನಿಗೆ ಇದನ್ನ ಕೊಟ್ಟು ನೋಡಿದ್ರು. ಕೆಲವೇ ತಿಂಗಳಲ್ಲಿ ತಲೆಕೂದಲು, ಹುಬ್ಬು, ರೆಪ್ಪೆ ಎಲ್ಲ ಬಂತು. 2022ರಲ್ಲಿ ಇದೇ ಗುಂಪಿನ ಬ್ಯಾರಿಸಿಟಿನಿಬ್‌ಗೆ ಅಮೆರಿಕದಲ್ಲಿ ಈ ಕಾಯಿಲೆಗೇ ಅಂತ ಒಪ್ಪಿಗೆ ಸಿಕ್ತು. ಎಲ್ಲರಿಗೂ ಬರುತ್ತೆ ಅಂತಲ್ಲ. ದೊಡ್ಡ ಪ್ರಯೋಗಗಳಲ್ಲಿ, ಹೆಚ್ಚಿನ ಡೋಸ್ ತಗೊಂಡವರಲ್ಲೂ, 36 ವಾರಕ್ಕೆ ತಲೆ ಚೆನ್ನಾಗಿ ತುಂಬಿದ್ದು ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನಕ್ಕೆ.

ನನಗೆ ಶುರು ಮಾಡೋಕೇ ಮೂರು ತಿಂಗಳು ತಡ. ತಂತಿ ಸಡಿಲ ಆದ್ರೆ ಒಳಗೆ ಮಲಗಿರೋ ಟಿಬಿ ಏಳಬಹುದು ಅಂತ ಮೊದಲೇ ರಕ್ತ ಪರೀಕ್ಷೆ ಮಾಡಿಸ್ತಾರೆ. ನಂದು ಪಾಸಿಟಿವ್ ಬಂತು. ನಾನು ಚಿಕ್ಕವಳಿದ್ದಾಗ ತಾತನಿಗೆ ಟಿಬಿ ಇತ್ತು, ನಾನು ಮಲಗ್ತಿದ್ದದ್ದೇ ಅವರ ಪಕ್ಕ. ವಾರಕ್ಕೊಂದು ದಿನ ಟಿಬಿ ತಡೆಯೋ ಮಾತ್ರೆ, ಹನ್ನೆರಡು ವಾರ. ಅದು ಮುಗಿದ ಮೇಲೆ ಇದು.

ಮೂರನೇ ತಿಂಗಳಿಗೆ ತಲೆ ತುಂಬಾ ಬಿಳಿ ನವಿರು ಕೂದಲು! ಅಜ್ಜಿ ಸವರಿ ನೋಡಿ, "ಇದೇನೇ, ನನ್ ಕೂದ್ಲು ನಿಂಗ್ ಬಂದೈತೆ" ಅಂದ್ರು. ಆಮೇಲೆ ಕಪ್ಪಾಯ್ತು.

ಈಗ ನಾನು ಯಾರಿಗೂ ಹೇಳದ ಭಾಗ. ಒಂದು ರಾತ್ರಿ ಫೋನಲ್ಲಿ ಮಾತ್ರೆ ಹೆಸರು ಹುಡುಕಿದೆ. ಕಪ್ಪು ಚೌಕದೊಳಗೆ ಎಚ್ಚರಿಕೆ: ಗಂಭೀರ ಸೋಂಕು, ಹೃದಯಾಘಾತ, ರಕ್ತ ಹೆಪ್ಪುಗಟ್ಟುವುದು, ಕ್ಯಾನ್ಸರ್. ನಿದ್ದೆ ಬರಲಿಲ್ಲ. ಅಪ್ಪ ತಿಂಗಳ ಲೆಕ್ಕ ಬರೆಯೋ ಪುಸ್ತಕದಲ್ಲಿ "ಔಷಧಿ" ಅನ್ನೋ ಸಾಲೂ ಕಣ್ಮುಂದೆ ಬಂತು. ಬೆಳಗ್ಗೆಯಿಂದ ಮಾತ್ರೆಗಳೆಲ್ಲ ಹಳೇ ಜಾಮೆಟ್ರಿ ಬಾಕ್ಸ್‌ಗೆ. ಅಮ್ಮ ಕೇಳಿದ್ರೆ "ತಗೊಂಡೆ" ಅಂತಿದ್ದೆ. ಎರಡು ತಿಂಗಳಾದ ಮೇಲೆ ದಿಂಬಿನ ಮೇಲೆ ಕೂದಲು ನೋಡಿ ಅಮ್ಮನಿಗೇ ಗೊತ್ತಾಯ್ತು. ಗುಂಡಿ ಒತ್ತುವವರು ಎಲ್ಲೂ ಹೋಗಿರಲಿಲ್ಲ ನೋಡಿ.

ಡಾಕ್ಟರ್ ಬೈಯಲಿಲ್ಲ. "ಹೆದರಿದ್ದು ತಪ್ಪಲ್ಲ, ಕೇಳಬೇಕಿತ್ತು" ಅಂದ್ರು. 2021ರಲ್ಲಿ ಆ ಎಚ್ಚರಿಕೆ ಬಿಗಿಯಾಗೋಕೆ ಕಾರಣವಾದ ಅಧ್ಯಯನದಲ್ಲಿ ಇದ್ದವರು 50 ದಾಟಿದ, ಹೃದಯದ ಅಪಾಯ ಒಂದಾದರೂ ಇದ್ದ ಸಂಧಿವಾತದ ರೋಗಿಗಳು ಅಂತ ಬಿಡಿಸಿ ಹೇಳಿದ್ರು. ನಾನು ಹತ್ತೊಂಬತ್ತರವಳು. "ಹಾಗಂತ ನಿನಗೆ ಅಪಾಯ ಸೊನ್ನೆ ಅಂತ ನಾನು ಹೇಳಲ್ಲಮ್ಮ." ಸೊನ್ನೆ ಅಂದಿದ್ರೆ ಬಹುಶಃ ಅವರನ್ನ ನಂಬ್ತಾ ಇರಲಿಲ್ಲ.

ಕ್ಲಾಸಲ್ಲಿ ಒಬ್ಬರು ಕೇಳಿದ್ರಿ, ಬರೀ ಕೂದಲಿಗೆ ಇಷ್ಟೆಲ್ಲ ಬೇಕಾ ಅಂತ. ಬೇಡ ಅನ್ನೋರೂ ಇದ್ದಾರೆ, ತಲೆ ಬೋಳಿಸಿ ಆರಾಮಾಗಿ ಓಡಾಡ್ತಾರೆ, ಅವರನ್ನ ಕಂಡರೆ ನಂಗೆ ಅಸೂಯೆ. ನಂಗೆ ಬೇಕಿತ್ತು. ಈ ಸಲ ಎಲ್ಲ ಗೊತ್ತಿದ್ದೇ ಶುರು ಮಾಡಿದೀನಿ, ಅಪ್ಪ ಅಮ್ಮನನ್ನ ಪಕ್ಕದಲ್ಲಿ ಕೂರಿಸಿಕೊಂಡು. (ಡಿಎಂನಲ್ಲಿ ಅಂಗಡಿ ಹೆಸರು ಕೇಳಬೇಡಿ, ಹೇಳಲ್ಲ. ಪರೀಕ್ಷೆ ಮಾಡಿಸದೆ ನುಂಗೋ ಮಾತ್ರೆ ಅಲ್ಲ ಇದು.)

ನಾಳೆ ಏಳಕ್ಕೆ ಲ್ಯಾಬ್. ರಕ್ತಕಣ, ಲಿವರ್, ಕೊಲೆಸ್ಟ್ರಾಲ್. ಖಾಲಿ ಹೊಟ್ಟೆಯಲ್ಲಿ ಹೋಗ್ಬೇಕು. ವಾಪಸ್ ಬಂದ ತಕ್ಷಣ ಬೆಣ್ಣೆ ದೋಸೆ ಅಂತ ಅಮ್ಮನ ಜೊತೆ ಒಪ್ಪಂದ ಆಗಿದೆ. ಕೊಲೆಸ್ಟ್ರಾಲ್ ರಿಪೋರ್ಟ್ ಬರೋದು ಸಂಜೆಗೆ ತಾನೇ.