ಸಡಿಲ ಮೊದಲು, ಬಿಗಿ ಆಮೇಲೆ

ನನ್ನ ಮಗನು ವ್ಯಾಕರಣವನ್ನು ಬಿಟ್ಟು ಯಂತ್ರಗಳ ಹಿಂದೆ ಬಿದ್ದನೆಂದು ನಾನು ಅವನೊಡನೆ ಬಹುಕಾಲ ಮನಬಿಚ್ಚಿ ಮಾತನಾಡಿರಲಿಲ್ಲ. ಇಂದಿರಾನಗರದ ನಮ್ಮ ಮನೆಯಂಗಳದಲ್ಲಿ ಅವನು ಕೊಂಡು ತಂದ ಹಳೆಯ ಸಿಪಾನಿ ಡಾಲ್ಫಿನ್ ಕಾರು ನಿಂತಿದ್ದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿಯಲ್ಲಿ, 848 ಸಿ.ಸಿ. ಎಂಜಿನ್ನಿನೊಡನೆ, ನಮ್ಮ ಬೆಂಗಳೂರಿನವರೇ 1982ರಲ್ಲಿ ಹೊರತಂದ ವಾಹನವದು. ಮೈ ಕಬ್ಬಿಣದ್ದಲ್ಲ, ಗಾಜಿನ ನಾರಿಗೆ ರಾಳವನ್ನು ಕೂಡಿಸಿ ಅಚ್ಚಿನಲ್ಲಿ ಮಾಡಿದ ಫೈಬರ್‌ಗ್ಲಾಸು. ಹಗುರವಾದ ಈ ಕಾರು ರ‍್ಯಾಲಿ ಪಂದ್ಯಗಳಲ್ಲಿಯೂ ಹೆಸರು ಪಡೆದಿದ್ದಿತು.

ಒಂದು ಭಾನುವಾರ, ಒಡೆದ ಬಾನೆಟ್ಟಿಗೆ ಬದಲಾಗಿ ಹೊಸದನ್ನು ಕೂರಿಸಲು ಅವನಿಗೆ ಮತ್ತೊಂದು ಕೈ ಬೇಕಾಯಿತು. ನಾನು ಹೋದೆನು. ಅದು ಒಂದು ಕಡೆ ಕುಳಿತರೆ ಇನ್ನೊಂದು ಕಡೆ ಏಳುತ್ತಿದ್ದಿತು. ನಾನು ಬೋಲ್ಟನ್ನು ಬಲವಾಗಿ ತಿರುಗಿಸಹೋದೆನು.

“ಬೇಡಿ ಅಪ್ಪಾ, ತಗಡಾದರೆ ನೆಗ್ಗುತ್ತದೆ, ಇದು ಬಿರುಕು ಬಿಡುತ್ತದೆ. ಮೊದಲು ಎಲ್ಲವನ್ನೂ ಸಡಿಲವಾಗಿ ಕೂಡಿಸಿ, ಸಂದುಗಳನ್ನು ನೋಡಿ, ಹೆಚ್ಚಾದ ಅಂಚನ್ನು ಉಜ್ಜಬೇಕು. ಆಮೇಲೆ ಅಗಲವಾದ ವಾಷರ್ ಇಟ್ಟು ಒಂದೊಂದನ್ನೂ ಸ್ವಲ್ಪಸ್ವಲ್ಪವೇ ಬಿಗಿಮಾಡಬೇಕು” ಎಂದನು. ಉಜ್ಜುವಾಗ ಗಾಜಿನ ಪುಡಿಯು ಉಸಿರಿಗೆ ಹೋಗದಂತೆ ತಾನೇ ನನ್ನ ಮುಖಕ್ಕೆ ಮಾಸ್ಕ್ ಕಟ್ಟಿದನು.

ಅವನ ಎಂಟನೆಯ ವಯಸ್ಸಿನಲ್ಲಿ ರಾಮಶಬ್ದವನ್ನು ತಪ್ಪು ಹೇಳಿದನೆಂದು ಬೆತ್ತ ಹಿಡಿದುದು ನನಗೆ ನೆನಪಾಯಿತು. ಮೂವತ್ತು ವರ್ಷ ಮೇಷ್ಟ್ರಾಗಿದ್ದು ನಾನು ಮೊದಲು ಬಿಗಿಯನ್ನೇ ಬಲ್ಲವನು.

“ಅಂದು ಆತುರಪಟ್ಟೆನಪ್ಪಾ” ಎಂದೆನು.

ಅವನು ಮಾತನಾಡಲಿಲ್ಲ, ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟನು. ಕಡೆಯ ಬೋಲ್ಟನ್ನು ನಾನೇ ಬಿಗಿದೆನು, ಮೆಲ್ಲಗೆ.