ಕಾರಿನೊಳಗಣ ಸುರುಳಿ

ಕಾರಿನ ಸ್ಟೀರಿಂಗ್ ಚಕ್ರದ ಅಡಿಯಲ್ಲಿ ‘ಕ್ಲಾಕ್ ಸ್ಪ್ರಿಂಗ್’ ಎಂಬುದೊಂದಿದೆ. ಹೆಸರಿನಿಂದ ಗಡಿಯಾರದ ನೆನಪಾದರೂ ಅದು ಕಾಲವನ್ನಳೆಯುವುದಿಲ್ಲ. ತೆಳುವಾದ ತಂತಿಪಟ್ಟಿಯು ಡಬ್ಬಿಯೊಂದರಲ್ಲಿ ಸುರುಳಿ ಸುತ್ತಿಕೊಂಡು, ತಿರುಗುವ ಚಕ್ರಕ್ಕೂ ತಿರುಗದ ಕಂಬಕ್ಕೂ ನಡುವೆ ವಿದ್ಯುತ್ತನ್ನು ಒಯ್ಯುತ್ತದೆ. ಹಾರನ್ನಿಗೂ, ಅಪಘಾತದಲ್ಲಿ ಚಾಲಕನ ಎದೆಗಡ್ಡವಾಗಿ ಉಬ್ಬುವ ಗಾಳಿಚೀಲಕ್ಕೂ ಅದೇ ದಾರಿ. ನಮ್ಮ ದೇಶದಲ್ಲಿ 2019ನೆಯ ಇಸವಿ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಗಾಳಿಚೀಲ ಕಡ್ಡಾಯವಾದುದರಿಂದ ಇದೀಗ ಸಂಸಾರಸ್ಥರೂ ತಿಳಿಯತಕ್ಕ ವಿಷಯವಾಗಿದೆ.

ನಮ್ಮ ಮಗನ ಕಾರಿನ ಸ್ಟೀರಿಂಗನ್ನು ನಾಗಮಂಗಲದ ಒಂದು ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿದ್ದರು. ಶ್ರೀರಂಗಪಟ್ಟಣದ ಮನೆ ಸೇರುವವರೆಗೆ ಎಲ್ಲವೂ ಸುಖವಾಗಿಯೇ ಇದ್ದಿತು. ಮರುವಾರ ಕೃಷ್ಣರಾಜಪೇಟೆಯಲ್ಲಿ, ಬೀಗರ ಓಣಿಯಿಂದ ಹಿಂದಿರುಗಲು ಚಕ್ರವನ್ನು ಎಡಕ್ಕೆ ತುದಿಮುಟ್ಟ ಹೊರಳಿಸಿದೊಡನೆ ಒಳಗೇನೋ ‘ಟಕ್’ ಎಂದಿತು. ಹಾರನ್ನು ಮೂಕವಾಯಿತು, ಗಾಳಿಚೀಲದ ದೀಪ ಹೊತ್ತಿ, ಆರದೆ ನಿಂತಿತು.

“ಕಾರು ಓಡ್ತಾ ಇದೆಯಲ್ಲ ಅಣ್ಣಾ, ವೈರಮುಡಿ ಕಳೀಲಿ” ಎಂದನು ಮಗ. ಆ ವೈರಮುಡಿಗೇ ಸೊಸೆಯು ಐದು ವರುಷದ ಮೊಮ್ಮಗಳನ್ನು ಕೂರಿಸಿಕೊಂಡು, ತಾನೇ ಕಾರು ನಡೆಸುತ್ತ ಮೇಲುಕೋಟೆಯ ಬೆಟ್ಟ ಹತ್ತುವವಳಿದ್ದಳು. ನಾವು ಒಪ್ಪಲಿಲ್ಲ. ಮನೆಯಲ್ಲಿ ಎರಡು ದಿನ ಮಾತು ಬಿಸಿಯಾಗಿಯೇ ಇದ್ದಿತು.

ಪಾಂಡವಪುರದ ಮೆಕ್ಯಾನಿಕ್ಕನು ನಮ್ಮ ಹಳೆಯ ಶಿಷ್ಯ. ರಾಮಶಬ್ದದ ದ್ವಿವಚನದಲ್ಲಿ ತಪ್ಪದೆ ಎಡವುತ್ತಿದ್ದವನು. ಇಲ್ಲಿ ಅವನು ಎಡವಲಿಲ್ಲ. ಮುಂದಿನ ಗಾಲಿಗಳನ್ನು ನೇರಮಾಡಿ, ಬ್ಯಾಟರಿಯ ಋಣತಂತಿಯನ್ನು ಕಳಚಿ, ಕೈಕಟ್ಟಿ ಕುಳಿತನು. “ಒಳಗಿರೋ ಕರೆಂಟು ಆರಬೇಕು ಮೇಷ್ಟ್ರೇ. ಇಲ್ದಿದ್ರೆ ಚೀಲ ಮುಖಕ್ಕೇ ಸಿಡೀತದೆ.” ಆಮೇಲೆ ಚೀಲವನ್ನು ಬಿಚ್ಚಿ, ಮುಖ ಮೇಲಾಗಿ ಇರಿಸಿದನು.

ಡಬ್ಬಿಯೊಳಗೆ ಪಟ್ಟಿ ಹರಿದಿದ್ದಿತು. ಗಾಲಿಗಳು ನೇರವಿದ್ದಾಗ ಸುರುಳಿಯೂ ನಟ್ಟನಡುವೆ ಇರಬೇಕು. ಆಗ ಎಡಕ್ಕೂ ಬಲಕ್ಕೂ ಸಾಕಷ್ಟು ಸಡಿಲವಿರುತ್ತದೆ. ಹಿಂದಿನವರು ಅದನ್ನು ಒಂದು ಕಡೆಗೆ ಸರಿದಂತೆಯೇ ಕೂರಿಸಿದ್ದರು. ನೇರ ದಾರಿಯಲ್ಲಿ ಆ ದೋಷ ಹೇಗೆ ತಿಳಿದೀತು? ಪೂರ್ಣ ತಿರುವಿಗಾಗಿ ಅದು ಕಾದಿದ್ದಿತು.

ಪಟ್ಟಿ ಇನ್ನೂ ಗಟ್ಟಿಯಾಗಿದ್ದರೆ ಮೃದುವಾಗಿ ಒಂದು ತುದಿಗೆ ತಿರುಗಿಸಿ, ಇನ್ನೊಂದು ತುದಿಯವರೆಗೆ ಸುತ್ತುಗಳನ್ನೆಣಿಸಿ, ಅದರ ಅರ್ಧ ಹಿಂದಿರುಗಿ, ಗುರುತಿಗೆ ಗುರುತು ಕೂಡಿಸಬಹುದು. ಹರಿದುದನ್ನು ಮಾತ್ರ ಬೆಸೆಯಬಾರದು. ಹೊಸದು ಮಧ್ಯದಲ್ಲಿಯೇ ಬೀಗ ಹಾಕಿಕೊಂಡು ಬರುತ್ತದೆ. ಕೂರಿಸುವವರೆಗೆ ಅದನ್ನು ತಿರುಗಿಸಲಾಗದು. ಶಿಷ್ಯನು ಅಂತಹುದನ್ನೇ ತರಿಸಿ ಹಾಕಿ, ಯಂತ್ರದಿಂದ ದೋಷದ ದಾಖಲೆಯನ್ನು ಅಳಿಸಿದನು. ಬೆಲೆ ಕೇಳಿ ಮಗನು ನಮ್ಮ ಮುಖ ನೋಡಿದನು. ನಾವು ಪಿಂಚಣಿಯಿಂದ ಕೊಟ್ಟೆವು.

ಈಗ ಕೀಲಿ ತಿರುಗಿಸಿದೊಡನೆ ಆ ದೀಪ ಕೆಲವು ಕ್ಷಣ ಬೆಳಗಿ ಆರುತ್ತದೆ. ಹಾಗೆ ಬೆಳಗುವುದು ಆರೋಗ್ಯದ ಲಕ್ಷಣವಂತೆ. ಬೆಳಗದೇ ಇದ್ದರೂ ರೋಗವೇ ಎಂದು ಶಿಷ್ಯನ ಮತ. ಸೊಸೆಯು ಮೇಲುಕೋಟೆಗೆ ಹೊರಟ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅದನ್ನೇ ನೋಡಿದೆವು. ಅದು ಆರಿದ ಮೇಲೆ, ಮೊಮ್ಮಗಳ ಪಟ್ಟಿಯನ್ನು ಬಿಗಿಯಲು ಹೇಳಿ ಒಳಗೆ ಬಂದೆವು.