ಅದೇ, ಏನಪ್ಪಾ ಅಂದ್ರೆ...

ಆಡುಮಾತಿನಲ್ಲಿ ಅರ್ಥಕ್ಕಿಂತ ಹೆಚ್ಚಾಗಿ ರೂಢಿಯಿಂದ ಬಂದು ಸೇರುವ ಪದಗಳಿವೆ: 'ಅದೇ', 'ಒಂಥರಾ', 'ಏನಪ್ಪಾ ಅಂದ್ರೆ', 'ಗೊತ್ತಾಯ್ತಲ್ಲ'. ಇವನ್ನು ಕಿತ್ತುಹಾಕಿದರೆ ವಾಕ್ಯಕ್ಕೆ ನಷ್ಟವಿಲ್ಲ. ಆಡುವವರಿಗೆ ಮಾತ್ರ ಬಾಯಿ ಕಟ್ಟಿದಂತಾಗುತ್ತದೆ. ಇಂಥವು ಇಂದಿನವಲ್ಲ. ನಿರುಕ್ತ ಬರೆದ ಯಾಸ್ಕನು ವೇದಮಂತ್ರಗಳಲ್ಲಿ ಸಾಲು ತುಂಬಲೆಂದೇ ಬರುವ ನಿಪಾತಗಳನ್ನು ಗುರುತಿಸಿ 'ಪದಪೂರಣ' ಎಂದು ಕರೆದಿದ್ದಾನೆ. ಋಷಿಗಳಿಗೇ ತಪ್ಪದ್ದು ನೆರೆಮನೆಯವರಿಗೆ ತಪ್ಪೀತೇ?

ಇದಕ್ಕೆ ಕಾರಣ ಪದಗಳ ಬಡತನವಲ್ಲ, ಸಮಯದ ಅಭಾವ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಇರುವ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲಿ ಇಡೀ ವಾಕ್ಯ ಕಟ್ಟಿಕೊಳ್ಳುವುದು ಕಷ್ಟ. ಹಾಗಾಗಿ ಮೊದಲು 'ಅಂದ್ರೆ...' ಎಂದು ಸರದಿ ಹಿಡಿದಿಟ್ಟು, ಆಮೇಲೆ ವಿಷಯ ಹುಡುಕುವುದು ವಾಡಿಕೆ.

ಕೆಲವು ಪದಗಳ ಕೆಲಸ ಇದಕ್ಕಿಂತ ನಾಜೂಕು. ಫೋನ್ ಮಾಡಿದವರು 'ಏನಿಲ್ಲ, ಸುಮ್ನೆ ಮಾಡ್ದೆ' ಎಂದು ಆರಂಭಿಸಿದರೆ ಏನೋ ಇದೆ ಎಂದೇ ಅರ್ಥ. ಮಳೆ, ಬೆಳೆ, ಮಕ್ಕಳ ಓದು ಎಲ್ಲ ಮುಗಿದ ಮೇಲೆ 'ಅದೇ, ಸ್ವಲ್ಪ ದುಡ್ಡಿನ ವಿಷ್ಯ' ಹೊರಬರುತ್ತದೆ. ಆ 'ಸ್ವಲ್ಪ' ಮೊತ್ತದ ಅಳತೆಯಲ್ಲ, ಸಂಕೋಚದ ಅಳತೆ. ಕೊನೆಗೆ 'ಮತ್ತೆ?' ಎಂದು ಒಬ್ಬರು, 'ಮತ್ತೆ ನೀವೇ ಹೇಳ್ಬೇಕು' ಎಂದು ಇನ್ನೊಬ್ಬರು. ಹೇಳಲು ಯಾರ ಬಳಿಯೂ ಏನೂ ಉಳಿದಿರುವುದಿಲ್ಲ. ಮೊದಲು ಫೋನ್ ಇಡುವ ಅಪವಾದ ಇಬ್ಬರಿಗೂ ಬೇಡ, ಅಷ್ಟೆ.

ಈ ಪದಗಳು ಊರನ್ನೂ ಹೇಳಿಬಿಡುತ್ತವೆ. ಮಾತುಮಾತಿಗೆ 'ಮಾರಾಯ್ರೇ' ಎಂದರೆ ಕರಾವಳಿ ಅಥವಾ ಮಲೆನಾಡು, 'ಗುರು', 'ಮಗಾ' ಎಂದರೆ ಬೆಂಗಳೂರು. ಮೈಸೂರು ಸೀಮೆಯವರ 'ಕಣ್ರೀ', ಧಾರವಾಡದವರ 'ನೋಡ್ರಿ' ಕಿವಿಗೆ ಬೇರೆಯಾದರೂ ಕೇಳಿಕೊಳ್ಳುವುದು ಒಂದನ್ನೇ. 'ಕಣಾ' ಎಂಬುದು ಕಾಣು ಧಾತುವಿನಿಂದ ಬಂದದ್ದು. ಹನ್ನೆರಡನೇ ಶತಮಾನದ ವಚನಗಳಲ್ಲಿ 'ಕಾಣಾ', 'ನೋಡಾ' ಎರಡೂ ಹೇರಳ. ಅಲ್ಲಿ ಅವಕ್ಕೆ ಎದುರಿನವರನ್ನು ತಟ್ಟಿ ಎಬ್ಬಿಸುವ ಕಸುವಿತ್ತು. ಬಳಸಿ ಬಳಸಿ ಸವೆದು, ಈಗ ವಾಕ್ಯದ ಬಾಲವಾಗಿವೆ. ಇತ್ತೀಚೆಗೆ ಸೇರಿಕೊಂಡ 'ಆಕ್ಚುಯಲಿ', 'ಬೇಸಿಕಲಿ'ಗಳ ಸವೆತ ಇನ್ನೂ ವೇಗದ್ದು. 'ಆಕ್ಚುಯಲಿ ತಿಂಡಿ ಆಗಿಲ್ಲ' ಎನ್ನುವಲ್ಲಿ ಯಾವ ಸತ್ಯವೂ ಬಯಲಾಗುತ್ತಿಲ್ಲ.

ನಿಜವಾದ ಉಪದ್ರವ ಇರುವುದು ಮೈಕಿನ ಮುಂದೆ. 'ಈ ಒಂದು ಸುಸಂದರ್ಭದಲ್ಲಿ ಈ ಒಂದು ಕಾರ್ಯಕ್ರಮವನ್ನು ಆಯೋಜನೆ ಮಾಡಿರತಕ್ಕಂತಹ' ಎಂದು ಭಾಷಣ ಶುರುವಾದರೆ, ಇನ್ನೊಂದು ಕಾರ್ಯಕ್ರಮ ಎಲ್ಲಿದೆ ಎಂದು ಸಭಿಕರು ಹುಡುಕಬೇಕು. ಟಿವಿಯಲ್ಲಿ 'ಎಸ್ ವೀಕ್ಷಕರೇ' ಎನ್ನುತ್ತಾರೆ, ಯಾರೂ ಏನೂ ಕೇಳಿರದಿದ್ದರೂ. ಮಳೆ ಬರುವುದಿಲ್ಲ, 'ಮಳೆ ಬರುವಂಥದ್ದು' ಆಗುತ್ತದೆ. ಹರಟೆಯಲ್ಲಿ ಇಂಥ ಪದಗಳು ಯೋಚಿಸಲು ಬಿಡುವು ಕೊಡುತ್ತವೆ, ಆದ್ದರಿಂದ ಕ್ಷಮ್ಯ. ಬರೆದುಕೊಂಡು ಬಂದ ಭಾಷಣಕ್ಕೆ ಆ ಬಿಡುವು ಬೇಕಿಲ್ಲ. ವೇದಿಕೆ ಏರುವವರು 'ಈ ಒಂದು' ಎಂಬುದೊಂದನ್ನು ಬಿಟ್ಟರೂ ಸಾಕು, ಸಭಿಕರು ಹೊತ್ತಿಗೆ ಸರಿಯಾಗಿ ಊಟಕ್ಕೆ ಏಳಬಹುದು.